ಎಲ್‌ಇಡಿಗೆ ಬದಲಾದ ಬಚ್ಚಲುಮನೆ: ಬಲ್ಬು, ಸ್ವಿಚ್ಚು, ಫಿಟ್ಟಿಂಗು – ಬದಲಿಸಬೇಕಾದದ್ದು ಯಾವುದು?

ಹಳೆಯ ಬಲ್ಬನ್ನು ತೆಗೆದು ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಹಾಕಿದರೆ ಕೆಲಸ ಮುಗಿಯಿತೆಂದು ನಾವೆಲ್ಲ ಭಾವಿಸುತ್ತೇವೆ. ಮಲಗುವ ಕೋಣೆಯಲ್ಲೋ ಪಡಸಾಲೆಯಲ್ಲೋ ಅದು ಬಹುಮಟ್ಟಿಗೆ ಮುಗಿಯುತ್ತದೆ ಕೂಡ. ಬಚ್ಚಲುಮನೆಯಲ್ಲಿ ಮಾತ್ರ ತಕರಾರುಗಳು ಒಂದೊಂದಾಗಿ ತಲೆಯೆತ್ತುತ್ತವೆ. ಸ್ವಿಚ್ ಆರಿಸಿದ ಮೇಲೂ ದೀಪ ಮಂಕಾಗಿ ಉರಿಯುತ್ತಿರುತ್ತದೆ, ಇಲ್ಲವೇ ಕೆಲವು ಸೆಕೆಂಡುಗಳಿಗೊಮ್ಮೆ ಮಿಂಚಿ ಮಾಯವಾಗುತ್ತದೆ. ಕನ್ನಡಿಯಲ್ಲಿ ಮುಖ ಬಿಳಿಚಿಕೊಂಡಂತೆ ಕಾಣುತ್ತದೆ. ಮುಚ್ಚಿದ ಗಾಜಿನ ಗೋಳದೊಳಗಿನ ಬಲ್ಬು ಡಬ್ಬಿಯ ಮೇಲೆ ಬರೆದ ಆಯುಸ್ಸಿನ ಹತ್ತನೆಯ ಒಂದು ಭಾಗವನ್ನೂ ಕಾಣದೆ ಸುಟ್ಟುಹೋಗುತ್ತದೆ. ಇನ್ನೊಂದು ಬಲ್ಬು ತರುವುದೋ, ಸ್ವಿಚ್ ಬದಲಿಸುವುದೋ, ಇಡೀ ಫಿಟ್ಟಿಂಗನ್ನೇ ಕಿತ್ತು ಹೊಸದನ್ನು ಹಾಕಿಸುವುದೋ, ಹಳೆಯ ಬಲ್ಬಿಗೇ ಮರಳುವುದೋ ಎಂಬ ಗೊಂದಲ ಆಗ ಶುರುವಾಗುತ್ತದೆ.

ಹಳೆಯ ಫಿಲಮೆಂಟ್ ಬಲ್ಬಿನೊಳಗೆ ಇದ್ದದ್ದು ಕಾದು ಬೆಳಗುವ ಒಂದು ತಂತಿ ಮಾತ್ರ. ಅತ್ಯಲ್ಪ ಕರೆಂಟು ಅದರ ಮೂಲಕ ಸೋರಿದರೂ ತಂತಿ ಬೆಳಗುವಷ್ಟು ಕಾಯುತ್ತಿರಲಿಲ್ಲ. ವೋಲ್ಟೇಜು ಕ್ಷಣಮಾತ್ರ ಇಳಿದೇರಿದರೂ ಕಾದ ತಂತಿ ಅಷ್ಟರಲ್ಲಿ ತಣಿಯುತ್ತಿರಲಿಲ್ಲ. ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಭಾಗವಿದ್ದು, ಅದು ಮಿಲಿಆಂಪಿಯರ್ ಲೆಕ್ಕದ ಕರೆಂಟಿಗೂ ಸ್ಪಂದಿಸುತ್ತದೆ, ಶಾಖಕ್ಕೂ ತೇವಕ್ಕೂ ಬೇಗ ನಲುಗುತ್ತದೆ. ಆದ್ದರಿಂದ ಎಷ್ಟೋ ಸಲ ಎಲ್‌ಇಡಿ ಹೊಸ ದೋಷವನ್ನು ಹುಟ್ಟಿಸುವುದಿಲ್ಲ. ಮೊದಲಿನಿಂದ ಇದ್ದ ದೋಷವನ್ನು ಬಯಲಿಗೆ ತರುತ್ತದೆ. ದೋಷ ಬಲ್ಬಿನದೋ, ಸ್ವಿಚ್ಚಿನದೋ, ಫಿಟ್ಟಿಂಗಿನದೋ ಎಂಬುದು ತಿಳಿಯುವವರೆಗೆ ಏನನ್ನೂ ಕೊಳ್ಳದಿರುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಮಾನಕ್ಕೆ ಆಧಾರಗಳು

ಮೊದಲನೆಯ ಆಧಾರ, ಈಗಾಗಲೇ ಹೇಳಿದಂತೆ, ದೋಷದ ಜಾಗ. ಎರಡನೆಯದು ನೀರು. ಉಳಿದೆಲ್ಲ ವಿಷಯಗಳಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದು, ನೀರಿನ ವಿಷಯದಲ್ಲಿ ಚೌಕಾಸಿಗೆ ಎಡೆಯಿಲ್ಲ. ಅನೇಕ ದೇಶಗಳ ವೈರಿಂಗ್ ನಿಯಮಗಳಿಗೆ ಮೂಲವಾಗಿರುವ ಅಂತರರಾಷ್ಟ್ರೀಯ ಮಾನಕ ಐಇಸಿ 60364ರ ಪ್ರಕಾರ ಬಚ್ಚಲುಮನೆಯನ್ನು ವಲಯಗಳಾಗಿ ವಿಂಗಡಿಸಲಾಗುತ್ತದೆ: ಟಬ್ಬಿನ ಅಥವಾ ಶವರ್ ತೊಟ್ಟಿಯ ಒಳಭಾಗ ಸೊನ್ನೆಯ ವಲಯ, ಅದರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗಿನ ಜಾಗ ಒಂದನೆಯ ವಲಯ. ಅದರಾಚೆಗಿನ 60 ಸೆಂಟಿಮೀಟರ್ ಎರಡನೆಯ ವಲಯ. ಒಂದು ಮತ್ತು ಎರಡನೆಯ ವಲಯಗಳಲ್ಲಿ ಹಾಕುವ ದೀಪಕ್ಕೆ ಕನಿಷ್ಠ ಐಪಿಎಕ್ಸ್4 ದರ್ಜೆ, ಅಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುವ ಗುಣ ಇರಬೇಕು. ಸೊನ್ನೆಯ ವಲಯಕ್ಕೆ ಐಪಿಎಕ್ಸ್7 ದರ್ಜೆಯ (ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುವ), ಹೆಚ್ಚೆಂದರೆ 12 ವೋಲ್ಟ್ ಎಸಿಯಲ್ಲಿ ಉರಿಯುವ ಸುರಕ್ಷಿತ ದೀಪವೇ ಆಗಬೇಕು. ಕೆಲವು ದೇಶಗಳಲ್ಲಿ ಈ ಅಂಕಿಗಳ ಬದಲು ಫಿಟ್ಟಿಂಗಿನ ಮೇಲೆ ತೇವದ ಜಾಗಕ್ಕೆ, ನೀರು ಬೀಳುವ ಜಾಗಕ್ಕೆ ಎಂಬ ಗುರುತುಗಳಿರುತ್ತವೆ. ಬಲ್ಬು ಎಷ್ಟೇ ಒಳ್ಳೆಯದಾಗಿರಲಿ, ನೀರು ಸಿಡಿಯುವ ಕಡೆ ಅದನ್ನು ಕಾಪಾಡುವುದು ಫಿಟ್ಟಿಂಗ್ ಎಂಬುದನ್ನು ಮರೆಯಬಾರದು.

ಮೂರನೆಯದು ಕನ್ನಡಿಯ ಮುಂದಿನ ಬೆಳಕಿನ ಗುಣ. ನಾಲ್ಕನೆಯದು ಶಾಖ ಮತ್ತು ಬಾಳಿಕೆ. ಐದನೆಯದು ಕೆಲಸ ಯಾರದು ಎಂಬುದು: ನೀವೇ ಮಾಡಬಹುದಾದದ್ದೋ, ಎಲೆಕ್ಟ್ರಿಷಿಯನ್ ಬೇಕೋ, ಬಾಡಿಗೆ ಮನೆ ಬಿಡುವಾಗ ಮೊದಲಿನಂತೆ ಮಾಡಿಕೊಡಲು ಸಾಧ್ಯವೋ. ಖರ್ಚನ್ನು ನಾನು ಬೇಕೆಂದೇ ಕೊನೆಗಿಟ್ಟಿದ್ದೇನೆ. ತಪ್ಪಾದ ಜಾಗದಲ್ಲಿ ಮಾಡಿದ ಸಣ್ಣ ಖರ್ಚು ಮೂರು ಸಲ ಮಾಡಿದ ಮೇಲೆ ಸಣ್ಣದಾಗಿ ಉಳಿಯುವುದಿಲ್ಲ.

ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು

ಪತ್ತೆಗೆ ಬೇಕಾದದ್ದು ಒಂದು ಹಳೆಯ ಫಿಲಮೆಂಟ್ ಬಲ್ಬು, ಒಂದು ಮೊಬೈಲ್ ಫೋನು, ಸ್ವಲ್ಪ ತಾಳ್ಮೆ. ತೊಂದರೆ ಕೊಡುತ್ತಿರುವ ಎಲ್‌ಇಡಿ ಬಲ್ಬನ್ನು ಬಿಚ್ಚಿ, ಡಿಮ್ಮರ್ (ಬೆಳಕನ್ನು ಹೆಚ್ಚುಕಡಿಮೆ ಮಾಡುವ ಗುಂಡಿ) ಇಲ್ಲದ, ಸೂಚಕ ದೀಪವಿಲ್ಲದ ಸಾಧಾರಣ ಸ್ವಿಚ್ ಇರುವ ಬೇರೊಂದು ಕೋಣೆಯಲ್ಲಿ ಹಾಕಿ ನೋಡಬೇಕು. ಅಲ್ಲಿಯೂ ಅದು ಮಿಣುಕಿದರೆ ಬಲ್ಬೇ ಕೆಟ್ಟದ್ದು. ಅಲ್ಲಿ ಸುಮ್ಮನೆ ಉರಿದರೆ ಬಚ್ಚಲುಮನೆಯ ಸ್ವಿಚ್ಚನ್ನೋ ಹೋಲ್ಡರನ್ನೋ ಅನುಮಾನಿಸಬೇಕು. ಒಂದೇ ಸಾಲಿನಲ್ಲಿ ಮೂರು ನಾಲ್ಕು ಬಲ್ಬುಗಳಿರುವ ಕನ್ನಡಿದೀಪವಾದರೆ, ಒಂದನ್ನು ಮಾತ್ರ ತೆಗೆದು ಆ ಜಾಗದಲ್ಲಿ ಹಳೆಯ ಬಲ್ಬು ಹಾಕಬೇಕು. ಉಳಿದ ಎಲ್‌ಇಡಿಗಳ ಮಿಣುಕು ಅದರಿಂದ ನಿಂತುಹೋದರೆ, ಡಿಮ್ಮರಿಗೆ ಬೇಕಾದ ಕನಿಷ್ಠ ಲೋಡು (ಅದಕ್ಕೆ ಜೋಡಿಸಿದ ದೀಪಗಳ ಒಟ್ಟು ವ್ಯಾಟು) ಸಿಗುತ್ತಿರಲಿಲ್ಲ ಅಥವಾ ಸೋರುವ ಕರೆಂಟಿಗೆ ಬೇರೆ ದಾರಿಯಿರಲಿಲ್ಲ ಎಂದು ಅರ್ಥ. ಈ ಒಂದೇ ಪರೀಕ್ಷೆಯಿಂದ ಅರ್ಧಕ್ಕರ್ಧ ಗೊಂದಲ ಬಗೆಹರಿಯುತ್ತದೆ.

ಹೋಲ್ಡರನ್ನು ನೋಡುವಾಗ ಸ್ವಿಚ್ ಆರಿಸಿದರೆ ಸಾಲದು, ಆ ಸಾಲಿನ ಮೇನನ್ನೇ ಆಫ್ ಮಾಡಿರಬೇಕು. ಪಿನ್ ಮಾದರಿಯ ಹೋಲ್ಡರಿನ ಒಳಗೆ ಸ್ಪ್ರಿಂಗಿನ ಮೇಲೆ ಕುಳಿತ ಎರಡು ಹಿತ್ತಾಳೆ ಮೊಳೆಗಳಿರುತ್ತವೆ. ವರ್ಷಗಟ್ಟಲೆ ಹಬೆ ಕುಡಿದ ಹೋಲ್ಡರಿನಲ್ಲಿ ಅವುಗಳ ಸುತ್ತ ಹಸಿರು ಕಿಲುಬು ಹಿಡಿದಿರುತ್ತದೆ, ಒಂದು ಮೊಳೆ ಇನ್ನೊಂದಕ್ಕಿಂತ ಒಳಸರಿದಿರುತ್ತದೆ. ಬಿಚ್ಚಿದ ಬಲ್ಬಿನ ಬುಡವನ್ನು ಬೆಳಕಿಗೆ ಹಿಡಿದರೆ ಬೆಸುಗೆಯ ಎರಡು ಚುಕ್ಕಿಗಳಲ್ಲಿ ಒಂದರ ಮೇಲೆ ಕಪ್ಪು ಗುಳಿ ಕಾಣುತ್ತದೆ. ಕಿಡಿ ಹಾರಿದ ಗುರುತು ಅದು. ಬಾಗಿಲು ಬಡಿದಾಗ, ಮೇಲಿನ ಮಹಡಿಯಲ್ಲಿ ಯಾರಾದರೂ ನಡೆದಾಗ ದೀಪ ಮಿಣುಕುವುದಾದರೆ ಇಂಥ ಸಡಿಲ ಸಂಪರ್ಕವೇ ಕಾರಣವಾಗಿರುವ ಸಂಭವ ಹೆಚ್ಚು. ಅಲ್ಲಿ ಎಷ್ಟು ಬೆಲೆಬಾಳುವ ಬಲ್ಬು ತಂದು ಹಾಕಿದರೂ ಪ್ರಯೋಜನವಿಲ್ಲ.

ಕಣ್ಣಿಗೆ ಕಾಣದ ಮಿಣುಕೂ ಒಂದಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ, 60 ಹರ್ಟ್ಸಿನಲ್ಲಿ 120 ಸಲ ಏರಿಳಿಯುತ್ತದೆ. ಒಳ್ಳೆಯ ಡ್ರೈವರ್ ಇದನ್ನು ಸಮ ಮಾಡುತ್ತದೆ, ಅಗ್ಗದ ಡ್ರೈವರ್ ಮಾಡುವುದಿಲ್ಲ. ಫೋನಿನ ಕ್ಯಾಮೆರಾ ತೆರೆದು ದೀಪದ ಕಡೆ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲಿದರೆ ಬಲ್ಬು ಈ ಜಾತಿಯದು. ಕೈಯನ್ನು ದೀಪದಡಿ ಬೇಗಬೇಗ ಆಡಿಸಿದರೂ ಬೆರಳುಗಳು ತುಂಡುತುಂಡಾಗಿ ಕಾಣುತ್ತವೆ. ಎಲ್ಲರಿಗೂ ಇದು ತೊಂದರೆಯೆನಿಸುವುದಿಲ್ಲ. ತಲೆನೋವಿಗೆ ಬೇಗ ಗುರಿಯಾಗುವವರು ಮನೆಯಲ್ಲಿದ್ದರೆ ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಒಂದನೆಯ ಆಯ್ಕೆ: ಬೇರೆ ಎಲ್‌ಇಡಿ ಬಲ್ಬು

ಬಣ್ಣ, ಪ್ರಕಾಶ, ನೆರಳು, ಬೇಗ ಸುಡುವುದು – ಈ ನಾಲ್ಕು ದೂರುಗಳಿಗೆ ಬಹುಪಾಲು ಬಲ್ಬೇ ಮದ್ದು. ಎಲೆಕ್ಟ್ರಿಷಿಯನ್ ಬೇಡ, ಬಾಡಿಗೆದಾರರಿಗೂ ತೊಡಕಿಲ್ಲ, ಸರಿಹೋಗದಿದ್ದರೆ ಅದೇ ಬಲ್ಬು ಬೇರೆ ಕೋಣೆಗೆ ಬರುತ್ತದೆ. ಆದರೆ ಡಬ್ಬಿಯ ಮೇಲಿನ ವ್ಯಾಟ್ ಅಂಕಿಯೊಂದನ್ನೇ ನೋಡಿ ಕೊಂಡರೆ ಅದೇ ತೊಂದರೆ ಮರುಕಳಿಸುತ್ತದೆ.

ಪ್ರಕಾಶವನ್ನು ಲೂಮೆನ್‌ನಲ್ಲಿ ಅಳೆಯುತ್ತಾರೆ. 40 ವ್ಯಾಟಿನ ಹಳೆಯ ಬಲ್ಬು ಸುಮಾರು 450 ಲೂಮೆನ್, 60 ವ್ಯಾಟಿನದು ಸುಮಾರು 800, 100 ವ್ಯಾಟಿನದು ಸುಮಾರು 1600 ಲೂಮೆನ್ ಕೊಡುತ್ತಿತ್ತು. 60 ವ್ಯಾಟ್ ತೆಗೆದು 5 ವ್ಯಾಟಿನ ಎಲ್‌ಇಡಿ ಹಾಕಿ ಕತ್ತಲೆ ಎನ್ನುವವರಿಗೆ ಬೇಕಾದದ್ದು 8ರಿಂದ 10 ವ್ಯಾಟಿನ ಎಲ್‌ಇಡಿ. ಲೂಮೆನ್ ಸರಿಯಿದ್ದೂ ಮಂಕೆನಿಸಿದರೆ ಬೆಳಕು ಹರಡುವ ದಿಕ್ಕನ್ನು ಗಮನಿಸಬೇಕು. ಹಳೆಯ ಬಲ್ಬು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತಿತ್ತು. ಸಾಮಾನ್ಯ ಎಲ್‌ಇಡಿಯ ಕೆಳ ಅರ್ಧ ಪ್ಲಾಸ್ಟಿಕ್ಕು, ಬೆಳಕೆಲ್ಲ ಮುಂದಕ್ಕೆ. ಬಲ್ಬು ಅಡ್ಡಲಾಗಿ ಕೂರುವ ಕನ್ನಡಿದೀಪದಲ್ಲಿ ಇದರಿಂದ ಒಂದು ಗೋಡೆ ಬೆಳಗಿ, ಮುಖ ಇರುವ ಕಡೆ ನೆರಳು ಬೀಳುತ್ತದೆ. ಗಾಜಿನೊಳಗೆ ಎಳೆಗಳಂತೆ ಎಲ್‌ಇಡಿಗಳನ್ನು ಜೋಡಿಸಿದ ಬಲ್ಬುಗಳು ಹಳೆಯವುಗಳ ಹಾಗೆಯೇ ಸುತ್ತಲೂ ಬೆಳಗುವುದರಿಂದ ಅಂಥ ಫಿಟ್ಟಿಂಗಿಗೆ ಅವೇ ತಕ್ಕವು. ಅವುಗಳ ಕಷ್ಟವೆಂದರೆ ಡ್ರೈವರಿಗೆ ಬುಡದಲ್ಲಿ ಜಾಗ ಕಡಿಮೆ. ಆದ್ದರಿಂದ ಅಗ್ಗದ ಮಾದರಿಗಳಲ್ಲಿ ಮಿಣುಕು ಹೆಚ್ಚು.

ಬಣ್ಣದ ವಿಷಯ ಇನ್ನಷ್ಟು ವಿವರವಾಗಿ ನೋಡಬೇಕಾದದ್ದು. ಕೆಲ್ವಿನ್ ಅಂಕಿ ಬೆಳಕು ಹಳದಿಯತ್ತ ವಾಲಿದೆಯೋ ನೀಲಿಯತ್ತ ವಾಲಿದೆಯೋ ಎಂಬುದನ್ನಷ್ಟೇ ಹೇಳುತ್ತದೆ: 2700 ಹಳೆಯ ಬಲ್ಬಿನ ಬೆಚ್ಚನೆಯ ಹಳದಿ, 4000 ನಡುವಣ ಬಿಳಿ, 6500 ನೀಲಿ ಬೆರೆತ ಬಿಳಿ. ಮುಖ ಬಿಳಿಚಿ ಕಾಣುವುದಕ್ಕೆ ಎಲ್ಲರೂ 6500ನ್ನು ದೂರುತ್ತಾರೆ. ಅದು ಅರ್ಧ ಸತ್ಯ. ಇನ್ನರ್ಧ ಸಿಆರ್‌ಐ ಎಂಬ ಅಂಕಿಯಲ್ಲಿದೆ. ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆ ಅದು. ಹಳೆಯ ಬಲ್ಬಿನದು ಹೆಚ್ಚುಕಡಿಮೆ 100, ಸಾಮಾನ್ಯ ಎಲ್‌ಇಡಿಯದು 80ರ ಆಸುಪಾಸು. ಈ ಅಂಕಿಯನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ, ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಎಂಬ ಪ್ರತ್ಯೇಕ ಅಂಕಿಯಿದೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕು ಸೂಸುವ ಎಲೆಕ್ಟ್ರಾನಿಕ್ ಚಿಪ್ ಮೇಲೆ ಬಳಿದ ಹಳದಿ ಫಾಸ್ಫರ್ (ಬೆಳಕಿನ ಬಣ್ಣ ಬದಲಿಸುವ ಪುಡಿ) ಆದ್ದರಿಂದ ಕೆಂಪಿನ ಕೊರತೆ ಅದರ ಹುಟ್ಟುಗುಣ. ಚರ್ಮದ ಬಣ್ಣದಲ್ಲಿ ಇರುವುದೋ ಕೆಂಪೇ ಹೆಚ್ಚು. ಹೀಗಾಗಿ 80 ಸಿಆರ್‌ಐ ಬಲ್ಬಿನಡಿ 2700 ಕೆಲ್ವಿನ್‌ನಲ್ಲಿಯೂ ಮುಖ ಕಳೆಗುಂದಿಯೇ ಕಾಣಬಹುದು, 90 ಸಿಆರ್‌ಐ ಬಲ್ಬಿನಡಿ 4000 ಕೆಲ್ವಿನ್‌ನಲ್ಲಿಯೂ ಲಕ್ಷಣವಾಗಿ ಕಾಣಬಹುದು.

ಕನ್ನಡಿಯ ಬಳಿ 90 ಅಥವಾ ಅದಕ್ಕೂ ಮೇಲಿನ ಸಿಆರ್‌ಐ ಬೇಕೇ ಬೇಕು, ಚಾವಣಿಯ ದೀಪಕ್ಕೆ 80 ಸಾಕು ಎಂಬುದು ನನ್ನ ನಿಲುವು. ಹೆಚ್ಚು ಸಿಆರ್‌ಐ ಇರುವ ಬಲ್ಬು ಅಷ್ಟೇ ಪ್ರಕಾಶಕ್ಕೆ ಒಂದೆರಡು ವ್ಯಾಟ್ ಹೆಚ್ಚು ತಿನ್ನುತ್ತದೆ ಎಂದು ಹಿಂಜರಿಯುವವರಿಗೆ ಒಂದು ಲೆಕ್ಕ: ದಿನಕ್ಕೆ ಎರಡು ಗಂಟೆ ಉರಿಯುವ ದೀಪ ವರ್ಷಕ್ಕೆ 730 ಗಂಟೆ ಉರಿಯುತ್ತದೆ, ಎರಡು ವ್ಯಾಟಿನ ವ್ಯತ್ಯಾಸ ವರ್ಷಕ್ಕೆ ಒಂದೂವರೆ ಯೂನಿಟ್ಟೂ ಆಗದು. 60 ವ್ಯಾಟಿನಿಂದ 9 ವ್ಯಾಟಿಗೆ ಇಳಿದಾಗಲೇ ಸುಮಾರು 37 ಯೂನಿಟ್ ಉಳಿದಿರುತ್ತದೆ. ಅದರಲ್ಲಿ ಒಂದೂವರೆ ಯೂನಿಟ್ಟನ್ನು ಮುಖಕ್ಕೆ ಬಿಟ್ಟುಕೊಡಲು ಯಾಕೆ ಜಿಪುಣತನ?

ಬಾಳಿಕೆಗೂ ಇದೇ ಲೆಕ್ಕವನ್ನು ಹಿಡಿದು ನೋಡಬಹುದು. 15,000 ಗಂಟೆಯ ಬಲ್ಬು ದಿನಕ್ಕೆ ಎರಡು ಗಂಟೆಯಂತೆ ಇಪ್ಪತ್ತು ವರ್ಷ ಬರಬೇಕು. ಎರಡೇ ವರ್ಷದಲ್ಲಿ ಸತ್ತರೆ ಅದು ಸವೆದು ಸತ್ತದ್ದಲ್ಲ, ಬೆಂದು ಸತ್ತದ್ದು. ಎಲ್‌ಇಡಿಯ ಶಾಖ ಬೆಳಕಿನೊಡನೆ ಹೊರಗೆ ಹೋಗದೆ ಬುಡದಲ್ಲೇ ಉಳಿಯುತ್ತದೆ. ಮುಚ್ಚಿದ ಗೋಳದಲ್ಲಿ ಅದಕ್ಕೆ ದಾರಿಯಿಲ್ಲ. ಡ್ರೈವರಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗದ ಆಯುಸ್ಸು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ರೂಢಿಯ ಲೆಕ್ಕ. ಮುಚ್ಚಿದ ಫಿಟ್ಟಿಂಗಿಗೆ ಯೋಗ್ಯ ಎಂಬ ಮಾತು ಡಬ್ಬಿಯ ಮೇಲೆ ಇದೆಯೇ ಎಂದು ನೋಡಿ ಕೊಳ್ಳಬೇಕು. ಇಲ್ಲದಿದ್ದರೆ ಕಡಿಮೆ ವ್ಯಾಟಿನದನ್ನು ಆರಿಸಬೇಕು. ಗಾಳಿಯಾಡಲೆಂದು ಗೋಳವನ್ನು ತೆಗೆದಿಡುವುದು ಮಾತ್ರ ಸಲ್ಲದು, ಬಚ್ಚಲುಮನೆಯಲ್ಲಿ ಆ ಗಾಜೇ ನೀರಿನ ತಡೆ.

ಎರಡನೆಯ ಆಯ್ಕೆ: ಸ್ವಿಚ್ ಅಥವಾ ಡಿಮ್ಮರ್

ಆರಿಸಿದ ಮೇಲೂ ಮಂಕಾಗಿ ಉರಿಯುವ, ಇಲ್ಲವೇ ಆಗಾಗ ಮಿಂಚುವ ದೀಪಕ್ಕೆ ಸಾಮಾನ್ಯ ಕಾರಣ ಸ್ವಿಚ್ಚಿನ ಮೇಲಿರುವ ಸಣ್ಣ ಕೆಂಪು ಸೂಚಕ ದೀಪ. ಬಚ್ಚಲುಮನೆಯ ಸ್ವಿಚ್ ಕತ್ತಲಲ್ಲಿ ಕಾಣಲೆಂದು ಹೊರಗೋಡೆಯ ಮೇಲೆ ಇಂಥದನ್ನು ಹಾಕಿರುತ್ತಾರೆ. ಸ್ವಿಚ್ ಆರಿದ್ದಾಗ ಆ ಸೂಚಕಕ್ಕೆ ಬೇಕಾದ ಅತ್ಯಲ್ಪ ಕರೆಂಟು ಬಲ್ಬಿನ ಮೂಲಕವೇ ಹಾದುಹೋಗುತ್ತದೆ. ಕೆಲವು ಬಲ್ಬುಗಳು ಅಷ್ಟಕ್ಕೇ ಮಂಕಾಗಿ ಬೆಳಗುತ್ತವೆ. ಇನ್ನು ಕೆಲವುಗಳಲ್ಲಿ ಕೆಪಾಸಿಟರ್ ಮೆಲ್ಲಗೆ ತುಂಬಿಕೊಂಡು, ಡ್ರೈವರ್ ಏಳಲು ಯತ್ನಿಸಿ, ಒಮ್ಮೆ ಮಿಂಚಿ ಬರಿದಾಗುತ್ತದೆ, ಮತ್ತೆ ತುಂಬಿಕೊಳ್ಳತೊಡಗುತ್ತದೆ. ಸೂಚಕವಿಲ್ಲದ ಸ್ವಿಚ್ ಹಾಕಿದರೆ ತೊಂದರೆ ಬುಡಸಮೇತ ಹೋಗುತ್ತದೆ. ಸ್ವಿಚ್ ಪೆಟ್ಟಿಗೆಗೆ ನ್ಯೂಟ್ರಲ್ ತಂತಿ ಬಂದಿದ್ದರೆ ಸೂಚಕಕ್ಕೆ ಅದರಿಂದ ಪ್ರತ್ಯೇಕ ದಾರಿ ಕೊಟ್ಟು ಎರಡನ್ನೂ ಉಳಿಸಿಕೊಳ್ಳಬಹುದು.

ಸೂಚಕವೇ ಇಲ್ಲದ ಸ್ವಿಚ್ಚಿನಲ್ಲೂ ದೀಪ ಮಂಕಾಗಿ ಉರಿಯುತ್ತಿದ್ದರೆ ಎಚ್ಚರ ಬೇಕು. ಉದ್ದಕ್ಕೂ ಅಕ್ಕಪಕ್ಕ ಸಾಗಿದ ತಂತಿಗಳ ನಡುವಿನ ಕೆಪಾಸಿಟನ್ಸ್ (ತಂತಿಗಳು ಮುಟ್ಟದಿದ್ದರೂ ಒಂದರಿಂದ ಇನ್ನೊಂದಕ್ಕೆ ಅತ್ಯಲ್ಪ ಕರೆಂಟು ದಾಟುವುದು) ಕಾರಣವಾಗಿದ್ದರೆ ಅಪಾಯವಿಲ್ಲ. ಆದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿನಲ್ಲಿ ಕೂರಿಸಿದ್ದರೂ ಹೀಗೆಯೇ ಆಗುತ್ತದೆ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಪೂರ್ತಿ ವೋಲ್ಟೇಜು ಇದ್ದೇ ಇರುತ್ತದೆ. ಒದ್ದೆ ನೆಲದ ಮೇಲೆ ನಿಂತು ಬಲ್ಬು ಬದಲಿಸುವವರಿಗೆ ಇದಕ್ಕಿಂತ ಕೆಟ್ಟ ವೈರಿಂಗ್ ಇನ್ನೊಂದಿಲ್ಲ. ಇಲ್ಲಿ ಬಲ್ಬನ್ನು ಬದಲಿಸಿ ಲಕ್ಷಣವನ್ನು ಮುಚ್ಚಿಬಿಡುವುದು ದೋಷವನ್ನು ಉಳಿಸಿಕೊಂಡಂತೆ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸುವವರೆಗೆ ಆ ಫಿಟ್ಟಿಂಗನ್ನು ಮುಟ್ಟಬಾರದು. ಅವರು ಬಂದಾಗಲೇ ಬಚ್ಚಲುಮನೆಯ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟು ಸೋರಿದೊಡನೆ ಸಾಲನ್ನು ಕಡಿದುಬಿಡುವ ಸಾಧನ) ರಕ್ಷಣೆ ಇದೆಯೇ ಎಂಬುದನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು.

ಡಿಮ್ಮರ್ ಇರುವವರ ಕಥೆ ಬೇರೆ. ಹಳೆಯ ಡಿಮ್ಮರುಗಳು ವಿದ್ಯುತ್ ಅಲೆಯ ಮುಂಭಾಗವನ್ನು ಕತ್ತರಿಸುವ ಟ್ರಯಾಕ್ ಜಾತಿಯವು. ಸರಿಯಾಗಿ ನಡೆಯಲು ಅವುಗಳಿಗೆ ಒಂದಿಷ್ಟು ಕನಿಷ್ಠ ಲೋಡು ಬೇಕು. ನಾಲ್ಕು 40 ವ್ಯಾಟ್ ಬಲ್ಬುಗಳ 160 ವ್ಯಾಟ್ ಲೋಡು ಎಲ್‌ಇಡಿಯಿಂದ 20 ವ್ಯಾಟಿಗೆ ಇಳಿದಾಗ ಮಿಣುಕು, ಗುಂಯ್‌ಗುಡುವ ಸದ್ದು, ತಗ್ಗಿಸುತ್ತಾ ಹೋದಂತೆ ಒಮ್ಮೆಲೇ ಆರಿಬಿಡುವುದು ಎಲ್ಲವೂ ಶುರುವಾಗುತ್ತವೆ. ಅಲೆಯ ಹಿಂಭಾಗವನ್ನು ಕತ್ತರಿಸುವ ಹೊಸ ಬಗೆಯ ಡಿಮ್ಮರುಗಳು ಎಲ್‌ಇಡಿಗೆ ಹೆಚ್ಚು ಹೊಂದುತ್ತವೆ. ಬಲ್ಬೂ ಡಿಮ್ಮರಿಗೆ ಒಗ್ಗುವ ಬಗೆಯದಾಗಿರಬೇಕು. ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಖರ್ಚು ವ್ಯರ್ಥ. ನನ್ನನ್ನು ಕೇಳಿದರೆ, ಬಚ್ಚಲುಮನೆಯಲ್ಲಿ ಡಿಮ್ಮರನ್ನು ದಿನವೂ ಬಳಸುವವರು ವಿರಳ. ಬಳಸದವರು ಅದನ್ನು ತೆಗೆಸಿ ಸಾಧಾರಣ ಸ್ವಿಚ್ ಹಾಕಿಸಿದರೆ ಕಡಿಮೆ ಖರ್ಚಿನಲ್ಲಿ ಎಲ್ಲ ಬಗೆಯ ಬಲ್ಬುಗಳಿಗೂ ದಾರಿ ತೆರೆಯುತ್ತದೆ.

ಮೂರನೆಯ ಆಯ್ಕೆ: ಬಲ್ಬಿನ ಪಕ್ಕದಲ್ಲಿ ಕೆಪಾಸಿಟರ್

ಸೂಚಕ ಸ್ವಿಚ್ಚನ್ನು ಬಿಡಲೂ ಮನಸ್ಸಿಲ್ಲ, ಪೆಟ್ಟಿಗೆಯಲ್ಲಿ ನ್ಯೂಟ್ರಲ್ಲೂ ಇಲ್ಲ ಎನ್ನುವವರಿಗೆ ಉಳಿದಿರುವ ದಾರಿ ಇದು. ಬಲ್ಬಿಗೆ ಸಮಾನಾಂತರವಾಗಿ, ಅಂದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಮೇನ್ಸ್ ವೋಲ್ಟೇಜಿಗೆಂದೇ ತಯಾರಾದ ಎಕ್ಸ್2 ದರ್ಜೆಯ ಕೆಪಾಸಿಟರನ್ನೋ ಇದಕ್ಕೆಂದೇ ಮಾರುವ ಬೈಪಾಸ್ ಘಟಕವನ್ನೋ ಜೋಡಿಸಿದರೆ ಸೋರುವ ಕರೆಂಟು ಬಲ್ಬನ್ನು ಬಿಟ್ಟು ಅದರ ಮೂಲಕ ಹೋಗುತ್ತದೆ. ಅಗ್ಗದ ಪರಿಹಾರ. ಆದರೆ ಅದು ಕೂರುವುದು ಫಿಟ್ಟಿಂಗಿನೊಳಗೆ, ಹಬೆಯ ನಡುವೆ. ತೇವ ನುಗ್ಗದ ಜಾಗವಿದ್ದರೆ ಮಾತ್ರ ಒಪ್ಪಬಹುದು. ಯಾವುದೋ ಹಳೆಯ ಸರ್ಕ್ಯೂಟಿನಿಂದ ಕಿತ್ತ ಕೆಪಾಸಿಟರನ್ನು ಇದಕ್ಕೆ ಬಳಸುವುದು ಬೆಂಕಿಗೆ ಆಹ್ವಾನ.

ನಾಲ್ಕನೆಯ ಆಯ್ಕೆ: 12 ವೋಲ್ಟ್ ದೀಪಗಳ ಟ್ರಾನ್ಸ್‌ಫಾರ್ಮರ್

ಫಾಲ್ಸ್ ಸೀಲಿಂಗಿನಲ್ಲಿ ಎರಡು ಸಣ್ಣ ಕಡ್ಡಿಗಳುಳ್ಳ ಹ್ಯಾಲೊಜನ್ ದೀಪಗಳಿದ್ದು, ಅವನ್ನು ಎಲ್‌ಇಡಿಗೆ ಬದಲಿಸಿದವರಿಗೆ ಮಾತ್ರ ಈ ಭಾಗ. ಮೇಲೆ ಅಡಗಿರುವ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಮೈಮೇಲೆ 20–60 ವಿಎ (ಇಲ್ಲಿ ಹೆಚ್ಚುಕಡಿಮೆ ವ್ಯಾಟ್ ಎಂದೇ ತಿಳಿಯಬಹುದು) ಎಂಬಂಥ ಬರಹವಿರುತ್ತದೆ. 20ಕ್ಕಿಂತ ಕಡಿಮೆ ಲೋಡಿದ್ದರೆ ಅದು ಸರಿಯಾಗಿ ನಡೆಯದು ಎಂದು ಅದರ ಅರ್ಥ. 50 ವ್ಯಾಟಿನ ಹ್ಯಾಲೊಜನ್ ಇದ್ದ ಜಾಗಕ್ಕೆ 6 ವ್ಯಾಟಿನ ಎಲ್‌ಇಡಿ ಬಂದಾಗ ಅದು ಏಳುತ್ತಾ ಬೀಳುತ್ತಾ ಇರುವುದು ಸಹಜ. ಎಷ್ಟು ಬಲ್ಬು ಬದಲಿಸಿದರೂ ಈ ದೋಷ ಹೋಗದು. ಟ್ರಾನ್ಸ್‌ಫಾರ್ಮರನ್ನು ತೆಗೆಸಿ ಎಲ್‌ಇಡಿಗೆಂದೇ ಇರುವ 12 ವೋಲ್ಟ್ ಡ್ರೈವರ್ ಹಾಕಿಸಬೇಕು. ಅದನ್ನು ತೆಗೆದುಹಾಕಿ ನೇರ ಮೇನ್ಸಿನಲ್ಲಿ ಉರಿಯುವ ಹೋಲ್ಡರ್ ಕೂರಿಸೋಣ ಎಂದು ಕೆಲವರು ಸೂಚಿಸುತ್ತಾರೆ. ಶವರಿನಿಂದ ದೂರದ ಜಾಗದಲ್ಲಿ ಅದು ಸರಿಯೇ. ಶವರಿನ ಮೇಲೆ 12 ವೋಲ್ಟನ್ನು ಹಾಕಿದ್ದಕ್ಕೆ ಕಾರಣವಿರುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಐದನೆಯ ಆಯ್ಕೆ: ಇಡೀ ಫಿಟ್ಟಿಂಗ್

ಹೋಲ್ಡರ್ ಕಿಲುಬು ಹಿಡಿದಿದ್ದರೆ, ಗೋಳದ ತಳದಲ್ಲಿ ನೀರು ನಿಲ್ಲುತ್ತಿದ್ದರೆ, ವಲಯಕ್ಕೆ ತಕ್ಕ ಐಪಿ ದರ್ಜೆ ಇಲ್ಲದಿದ್ದರೆ ಹೊಸ ಫಿಟ್ಟಿಂಗಿನ ಖರ್ಚನ್ನು ತಪ್ಪಿಸಿಕೊಳ್ಳಲಾಗದು. ಹಳೆಯ ಬಲ್ಬು ತನ್ನ ಬಿಸಿಯಿಂದ ಫಿಟ್ಟಿಂಗಿನೊಳಗಿನ ತೇವವನ್ನು ಆರಿಸುತ್ತಿತ್ತು. ಎಲ್‌ಇಡಿಗೆ ಅಷ್ಟು ಬಿಸಿಯಿಲ್ಲ. ಆದ್ದರಿಂದ ಮೊದಲು ಒಣಗಿರುತ್ತಿದ್ದ ಫಿಟ್ಟಿಂಗಿನಲ್ಲಿ ಈಗ ಹನಿಗಟ್ಟುವುದುಂಟು.

ಇಲ್ಲಿ ಮತ್ತೆ ಎರಡು ದಾರಿ. ಬಲ್ಬು ಬದಲಿಸಬಹುದಾದ, ರಬ್ಬರ್ ಅಂಚಿನಿಂದ ಮುಚ್ಚಿಕೊಳ್ಳುವ ಫಿಟ್ಟಿಂಗು ಒಂದು. ಎಲ್‌ಇಡಿ ಒಳಗೇ ಬೆಸೆದುಕೊಂಡಿರುವ ಮುಚ್ಚಿದ ಫಲಕ ಇನ್ನೊಂದು. ಬೆಸೆದದ್ದರಲ್ಲಿ ಶಾಖ ಹೊರಗೆ ಹೋಗುವಂತೆ ಮೊದಲೇ ವಿನ್ಯಾಸ ಮಾಡಿರುತ್ತಾರೆ, ತೆಳ್ಳಗಿರುತ್ತದೆ, ಧೂಳನ್ನೂ ನೀರಿನ ಧಾರೆಯನ್ನೂ ತಡೆಯುವ ಐಪಿ65ರಂಥ ದರ್ಜೆಯೂ ಸುಲಭವಾಗಿ ಸಿಗುತ್ತದೆ. ಆದರೆ ಅದು ಕೆಟ್ಟ ದಿನ ಇಡೀ ಫಲಕವನ್ನೇ ಎಸೆಯಬೇಕು, ಅದೇ ಅಳತೆಯ ಇನ್ನೊಂದು ಸಿಗದಿದ್ದರೆ ಚಾವಣಿಯ ತೂತನ್ನೂ ಬದಲಿಸಬೇಕು. ಬಿಚ್ಚಿ ಹಾಕಬಹುದಾದ ಪ್ರತ್ಯೇಕ ಡ್ರೈವರ್ ಇರುವ ಮಾದರಿಯಾದರೆ ಈ ಭಯ ಅರ್ಧ ಕಡಿಮೆ, ಏಕೆಂದರೆ ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರೇ. ಬದಲಿಸುವಾಗ ಅದೇ ಮಿಲಿಆಂಪಿಯರಿನ, ಅದೇ ವೋಲ್ಟೇಜ್ ವ್ಯಾಪ್ತಿಯ ಡ್ರೈವರ್ ತಂದರಾಯಿತು. ಶವರಿನ ಮೇಲಿನ ದೀಪಕ್ಕೆ ಬೆಸೆದ ಫಲಕವನ್ನೂ, ಕನ್ನಡಿಯ ಬಳಿಗೆ ಬಲ್ಬು ಬದಲಿಸಬಹುದಾದದ್ದನ್ನೂ ನಾನು ಸೂಚಿಸುತ್ತೇನೆ. ಕನ್ನಡಿಯ ಬೆಳಕಿನ ಬಗ್ಗೆ ಮನಸ್ಸು ಬದಲಾಗುವುದು ಸಾಮಾನ್ಯ; ಬೆಸೆದ ದೀಪದಲ್ಲಿ ಅದಕ್ಕೆ ಅವಕಾಶವಿಲ್ಲ.

ಹೊಸದಾಗಿ ಹಾಕಿಸುವುದೇ ಆದರೆ ಜಾಗವನ್ನೂ ಬದಲಿಸಿಕೊಳ್ಳಬಹುದು. ನೆತ್ತಿಯ ಮೇಲಿನ ಒಂದೇ ದೀಪ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ನೆರಳು ಚೆಲ್ಲುತ್ತದೆ. ಗಡ್ಡ ಬೋಳಿಸಿಕೊಳ್ಳುವವರಿಗೆ ಬೆಳಕು ಬೇಕಾದದ್ದು ಸರಿಯಾಗಿ ಅಲ್ಲಿಯೇ. ಕನ್ನಡಿಯ ಎರಡೂ ಪಕ್ಕದಲ್ಲಿ ಮುಖದ ಎತ್ತರಕ್ಕೆ ಒಂದೊಂದು ಸಾಧಾರಣ ದೀಪವಿದ್ದರೆ, ಮೇಲಿನ ಒಂದು ಪ್ರಖರ ದೀಪಕ್ಕಿಂತ ಅದು ಎಷ್ಟೋ ಮೇಲು.

ಫ್ಯಾನು, ಸೆನ್ಸರು ಇರುವವರಿಗೆ

ಎಕ್ಸಾಸ್ಟ್ ಫ್ಯಾನು ಮತ್ತು ದೀಪ ಒಂದೇ ಸ್ವಿಚ್ಚಿನಲ್ಲಿದ್ದರೆ, ಆರಿಸಿದ ಗಳಿಗೆಯಲ್ಲಿ ಮೋಟಾರಿನ ಸುರುಳಿಯಿಂದ ಹೊಮ್ಮುವ ವೋಲ್ಟೇಜಿನ ಪೆಟ್ಟು ಬಲ್ಬಿನ ಡ್ರೈವರಿಗೆ ಬೀಳುತ್ತದೆ. ಬಲ್ಬುಗಳು ಪದೇಪದೇ ಸಾಯುತ್ತಿದ್ದು ಶಾಖದ ತೊಂದರೆ ಕಾಣದಿದ್ದರೆ ಎರಡನ್ನೂ ಬೇರೆ ಬೇರೆ ಸ್ವಿಚ್ಚಿಗೆ ಕೊಡಿಸುವುದು ಸೂಕ್ತ. ನ್ಯೂಟ್ರಲ್ ಇಲ್ಲದೆ ಎರಡೇ ತಂತಿಯಲ್ಲಿ ನಡೆಯುವ ಸೆನ್ಸರುಗಳು ತಮಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುವುದರಿಂದ ಅಲ್ಲಿಯೂ ಮಂಕುಬೆಳಕಿನ ತೊಂದರೆ ಉಂಟು. ನ್ಯೂಟ್ರಲ್ ಸೇರಿ ಮೂರು ತಂತಿಯ ಸೆನ್ಸರಿನಲ್ಲಿ ಅದಿಲ್ಲ. ದೀಪ ಆರದೆ ಅಂಟಿಕೊಂಡೇ ಇದ್ದರೆ ಸೆನ್ಸರಿನ ರಿಲೇ (ಒಳಗಿನ ವಿದ್ಯುತ್‌ಚಾಲಿತ ಸ್ವಿಚ್) ಬೆಸೆದುಕೊಂಡಿರುವ ಸಂಭವ ಹೆಚ್ಚು. ಎಲ್‌ಇಡಿಗಳು ಹೊತ್ತುವ ಕ್ಷಣದಲ್ಲಿ ತಮ್ಮ ವ್ಯಾಟಿಗೆ ಮೀರಿದ ಕರೆಂಟನ್ನು ಒಮ್ಮೆಲೇ ಎಳೆಯುವುದೇ ಅದಕ್ಕೆ ಕಾರಣ. ಎಲ್‌ಇಡಿ ಲೋಡಿಗೆ ಎಷ್ಟು ವ್ಯಾಟ್ ಎಂದು ಪ್ರತ್ಯೇಕವಾಗಿ ಬರೆದಿರುವ ಸೆನ್ಸರನ್ನೇ ಆರಿಸಬೇಕು.

ಯಾರಿಗೆ ಯಾವುದು

ಬಾಡಿಗೆ ಮನೆಯವರಿಗೆ ಮೊದಲ ಆಯ್ಕೆಯೇ ಸಾಕಾಗುವುದು ಹೆಚ್ಚು: ಕನ್ನಡಿಗೆ 90 ಸಿಆರ್‌ಐ, ಮುಚ್ಚಿದ ಗೋಳಕ್ಕೆ ಯೋಗ್ಯವಾದ ಬಲ್ಬು. ಮಂಕುಬೆಳಕು, ಸಡಿಲ ಹೋಲ್ಡರ್, ನ್ಯೂಟ್ರಲಿನ ಸ್ವಿಚ್ ಇವು ಮನೆಯ ಮಾಲೀಕರ ಗಮನಕ್ಕೆ ತರಬೇಕಾದ ವಿಷಯಗಳು. ಸ್ವಂತ ಮನೆಯಿದ್ದು ಕೈಯಲ್ಲಿ ಹಣ ಕಡಿಮೆಯಿರುವವರು ಸ್ವಿಚ್ ಮತ್ತು ಹೋಲ್ಡರಿನ ಕೆಲಸವನ್ನು ಒಂದೇ ಬಾರಿಗೆ ಮಾಡಿಸಿಕೊಂಡು, ಉಳಿದ ಹಣದಲ್ಲಿ ಕನ್ನಡಿಯ ಬಲ್ಬನ್ನು ಮಾತ್ರ ಉತ್ತಮ ದರ್ಜೆಯದನ್ನು ಕೊಳ್ಳಬಹುದು. ಹೇಗೂ ಟೈಲ್ಸ್ ಕಿತ್ತು ದುರಸ್ತಿ ಮಾಡಿಸುತ್ತಿರುವವರು ಸ್ವಿಚ್ ಪೆಟ್ಟಿಗೆಗೆ ನ್ಯೂಟ್ರಲ್ ಎಳೆಸುವುದನ್ನು, ಫ್ಯಾನಿಗೆ ಪ್ರತ್ಯೇಕ ಸ್ವಿಚ್ ಕೊಡಿಸುವುದನ್ನು ಬಿಡಬಾರದು. ಗೋಡೆ ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ಎಷ್ಟೋ ಪಾಲು ಹೆಚ್ಚು ಖರ್ಚಾಗುತ್ತದೆ. ರಾತ್ರಿ ಎದ್ದು ಓಡಾಡುವ ವಯಸ್ಸಾದವರಿರುವ ಮನೆಯಲ್ಲಿ, ನಿದ್ದೆಗೆ ಭಂಗ ತರುವ ನೀಲಿ ಬೆರೆತ ಬೆಳಕಿಗಿಂತ 2700 ಕೆಲ್ವಿನ್ ಅಥವಾ ಅದಕ್ಕೂ ಕೆಳಗಿನ ಒಂದು ಸಣ್ಣ ದೀಪವನ್ನು ಬೇರೆ ಸ್ವಿಚ್ಚಿನಲ್ಲಿ ನೆಲಕ್ಕೆ ಹತ್ತಿರವಾಗಿ ಹಾಕಿಸುವುದು ಡಿಮ್ಮರಿಗಿಂತ ಅಗ್ಗ, ಬಾಳಿಕೆಯೂ ಹೆಚ್ಚು.

ಹಳೆಯ ಫಿಲಮೆಂಟ್ ಬಲ್ಬಿಗೆ ಮರಳುವುದನ್ನು, ಇಲ್ಲವೇ ಸಾಲಿನಲ್ಲಿ ಒಂದನ್ನು ಹಾಗೆಯೇ ಉಳಿಸಿಕೊಳ್ಳುವುದನ್ನು ನಾನು ತಾತ್ಕಾಲಿಕ ಉಪಾಯವೆಂದಷ್ಟೇ ಒಪ್ಪುತ್ತೇನೆ. ಮಿಣುಕು ನಿಲ್ಲುತ್ತದೆ ನಿಜ. ಆದರೆ ಎಷ್ಟೋ ದೇಶಗಳಲ್ಲಿ ಅವುಗಳ ಮಾರಾಟವೇ ನಿಂತಿದೆ, ಉಳಿದದ್ದು ಸುಟ್ಟ ದಿನ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಯಾವ ಆಯ್ಕೆಗೆ ಬಂದರೂ ಮೊದಲು ಒಂದೇ ಬಲ್ಬು ತಂದು, ಕನ್ನಡಿಯ ಮುಂದೆ ಹಗಲಿನಲ್ಲೊಮ್ಮೆ ರಾತ್ರಿಯಲ್ಲೊಮ್ಮೆ ಮುಖ ನೋಡಿಕೊಂಡು, ಬಿಸಿನೀರಿನ ಸ್ನಾನವಾದ ಮೇಲೆ ಹಬೆಯಲ್ಲಿಯೂ ಅದು ಹೇಗೆ ಉರಿಯುತ್ತದೆಂದು ಕೆಲವು ದಿನ ಗಮನಿಸಿ, ಆಮೇಲೆ ಉಳಿದವನ್ನು ಅದೇ ತಯಾರಿಕೆಯ ಅದೇ ಮಾದರಿಯಲ್ಲಿ ಕೊಳ್ಳಬೇಕು. ಬೇರೆ ಬೇರೆ ತಯಾರಿಕೆಯ 2700 ಕೆಲ್ವಿನ್ ಬಲ್ಬುಗಳು ಒಂದೇ ಸಾಲಿನಲ್ಲಿ ಉರಿದಾಗ ಒಂದು ತುಸು ಹಸಿರಾಗಿ, ಇನ್ನೊಂದು ತುಸು ಗುಲಾಬಿಯಾಗಿ ಕಾಣುವುದು ಅಪರೂಪವೇನಲ್ಲ. ಕೊಂಡ ದಿನಾಂಕವನ್ನು ಬಲ್ಬಿನ ಬುಡದ ಮೇಲೆ ಪೆನ್ನಿನಿಂದ ಬರೆದು, ರಸೀದಿಯನ್ನು ಡಬ್ಬಿಯೊಡನೆ ಇಟ್ಟುಕೊಂಡಿದ್ದರೆ ವಾರಂಟಿ ಕೇಳಲೂ ಅನುಕೂಲ.